ಗೋಡೆಯ ಒಳಮೈ

ಇಲ್ಲಿ ಬನ್ನಿ, ಹಿಪ್ಪುನೇರಳೆಯ ನೆರಳಿಗೆ.
ಹಣ್ಣು ಉದುರುವ ಕಾಲ, ಬಿಳಿ ಷೂ ಹಾಕಿದವರು ಜೋಪಾನ.
ನನ್ನ ಹೆಸರು ಝುಲ್ಹುಮೋರ್. ನಾಲಗೆ ಹೊರಳದಿದ್ದರೆ
ಅಕ್ಕ ಅನ್ನಿ, ತಾಷ್ಕೆಂಟಿನಲ್ಲಿ ಎಲ್ಲರೂ ಹಾಗೇ ಅನ್ನುವುದು.

ಈ ಊರಿಗೆ ಎರಡು ಹುಟ್ಟುಹಬ್ಬ.
ಒಂದರ ತಾರೀಕನ್ನು ಪಂಡಿತರೇ ಇನ್ನೂ ಒಪ್ಪಿಲ್ಲ.
ಇನ್ನೊಂದು ಅರವತ್ತಾರರ ಏಪ್ರಿಲ್, ನಸುಕಿನ ಐದೂ ಇಪ್ಪತ್ತಮೂರು:
ನೆಲ ಮಗ್ಗುಲು ಬದಲಿಸಿತು. ಮಣ್ಣಿನ ಮನೆಗಳಿಗೆ
ತಾವು ಮಣ್ಣೆಂಬುದು ನೆನಪಾಯಿತು.

ಆಮೇಲೆ ಬಂದವು ರೈಲು, ಕ್ರೇನು, ಹತ್ತು ಭಾಷೆಯ ಬೈಗುಳ,
ಬಿಸ್ಕತ್ತಿನಂತೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಗೋಡೆ.
ದಾರಿಯಲ್ಲಿ ನೋಡಿದಿರಲ್ಲ, ಕಾಂಕ್ರೀಟಿನ ಜಾಲಂದ್ರ,
ದೂರದಲ್ಲಿ ಕೂತು ಬರೆದ ನಕ್ಷೆಗೆ
ನಮ್ಮ ಜುಲೈ ಗೊತ್ತಿರಲಿಲ್ಲ,
ಅಜ್ಜಿಯರ ಮರದ ಕಿಟಕಿ ನೋಡಿಕೊಂಡು ತಿದ್ದಿದರು.
ಇನ್ನು ಗೋಡೆಗೊಂದು ಮುಖ ಬೇಕಲ್ಲ,
ಅದಕ್ಕೆ ನನ್ನಪ್ಪನಂಥವರನ್ನು ಕರೆದರು. ಯುಲ್ದೋಶ್,
ಅಲ್ಲಿಯವರೆಗೆ ಬಚ್ಚಲ ಟೈಲು ಕೂರಿಸುತ್ತಿದ್ದವನು.

ತಲೆ ಎತ್ತಿ. ಮೇಲೆ, ಇನ್ನೂ ಮೇಲೆ.
ನಾಲ್ಕು ಮಹಡಿ ಎತ್ತರದ ಗಗನಯಾತ್ರಿ,
ಕೈಯಲ್ಲಿ ಹತ್ತಿಯ ಕಾಯಿ, ಹೆಗಲ ಹಿಂದೆ ಕೆಂಪು ಸೂರ್ಯ.
ಎದೆಯ ಮೇಲಿನ ಡಬ್ಬ ಆಮ್ಲಜನಕದ್ದಲ್ಲ,
ಮೂರನೇ ಮಹಡಿಯವರ ಏಸಿ.
ನಗಬಹುದು. ಮೊದಲ ವರ್ಷ ನಾನು ಅತ್ತಿದ್ದೆ.

ಎಡಗಾಲ ಬೂಟು ನೋಡಿ. ನೀಲಿಯ ನಡುವೆ ಒಂದೇ ಒಂದು ಹಸಿರು ಚೂರು.
ವಿಮರ್ಶಕರೊಬ್ಬರು ಅದು ಭೂಮಿಯ ಸಂಕೇತವೆಂದು
ಎರಡು ಪುಟ ಬರೆದರು.
ನೀಲಿ ಮುಗಿದಿತ್ತು, ಅಷ್ಟೇ. ಶುಕ್ರವಾರ ಸಂಜೆ ಬೇರೆ,
ಸೋಮವಾರ ಉದ್ಘಾಟನೆ. ಸಾಯುವತನಕ ಅಪ್ಪ
ಈ ಬೀದಿಗೆ ಬಂದರೂ ಆ ಕಾಲಿನ ಕಡೆ ನೋಡುತ್ತಿರಲಿಲ್ಲ.

"ಶರತ್ಕಾಲಕ್ಕೆ ಇದರ ಮೇಲೆ ಥರ್ಮೋಕೋಲ್ ಹೊದಿಸುತ್ತಾರಂತೆ,
ಮೇಲೊಂದು ಕೆನೆಬಣ್ಣ. ಬೇಡವೆಂದು ಅರ್ಜಿ ಬರೆದಿದ್ದೇನೆ, ಇಗೋ ಪೆನ್ನು,"
ಹೋದ ಶನಿವಾರ ಇಲ್ಲೇ ನಿಂತು ಹೇಳುತ್ತಿದ್ದೆ,
ನಾಲ್ಕನೇ ಮಹಡಿಯಿಂದ ರೈಸಾ ನಿಗಾಯ್,
ಕೊರಿಯದ ಕ್ಯಾರೆಟ್ ಕೋಸಂಬರಿ ಮಾರುವ ಮುದುಕಿ, ಕೂಗಿದಳು:
"ಆರು ವರ್ಷದಿಂದ ನನ್ನ ಗೋಡೆ ತೋರಿಸುತ್ತೀ,
ಒಂದು ದಿನ ಒಳಗೆ ಬಂದು ನೋಡಿದ್ದೀಯಾ?"

ಹತ್ತಿದೆವು. ಲಿಫ್ಟಿಲ್ಲ. ಬಾಗಿಲಲ್ಲಿ ಹನ್ನೊಂದು ಜೊತೆ ಷೂ.
ಸೂರ್ಯನ ಬೆನ್ನು ಹೀಗಿರುತ್ತದೆಂದು ನನಗೆ ಗೊತ್ತಿರಲಿಲ್ಲ:
ಬೂದು ವಾಲ್‌ಪೇಪರು, ಮೂಲೆಯಲ್ಲಿ ಕಪ್ಪು ಬೂಷ್ಟು,
ಚಳಿಗೆ ಅಡ್ಡ ಕಟ್ಟಿದ ಜಮಖಾನ.
ಜನವರಿಯಲ್ಲಿ ಲೋಟದ ನೀರು ಕೆನೆಗಟ್ಟುತ್ತದೆ, ಅಂದಳು.
ಥರ್ಮೋಕೋಲಿನ ಒಪ್ಪಿಗೆಪತ್ರಕ್ಕೆ
ಮೊದಲ ಸಹಿ ಅವಳದೇ.

ನಾನೇನೋ ಹೇಳಹೊರಟೆ, ಪರಂಪರೆ, ಪಟ್ಟಿ, ಕಾಯಿದೆ.
ಅವಳು ನನ್ನ ಕೈ ಹಿಡಿದು ಜಮಖಾನದಡಿಗೆ ತೂರಿಸಿದಳು.

ಬೆಚ್ಚಗಿತ್ತು. ಕರು ಮಲಗಿ ಎದ್ದುಹೋದ ಜಾಗದಂತೆ,
ಒಂದು ಪರಾತದಗಲ.

"ಸಂಜೆ ನಾಲ್ಕರಿಂದ ಆರು. ಉಳಿದ ಗೋಡೆ ಹೆಣ.
ಹಿಟ್ಟು ಇಲ್ಲೇ ಇಡುತ್ತೇನೆ, ಮೂವತ್ತೆಂಟು ವರ್ಷದಿಂದ.
ಹೊರಗೆ ಈ ಜಾಗದಲ್ಲಿ ಏನಿದೆ?
ಕೆಳಗಿಂದ ನೋಡಿದರೆ ನನಗೆ ಲೆಕ್ಕ ಸಿಗುವುದಿಲ್ಲ."
ಸೂರ್ಯ, ಅಂದೆ.
"ಹೌದಾ," ಅಂದಳು, ಬಟ್ಟೆ ಸರಿಸಿ
ಉಬ್ಬುತ್ತಿದ್ದ ಕಣಕಕ್ಕೆ ಒಮ್ಮೆ ಬೆರಳೊತ್ತಿ ನೋಡಿದಳು.

ಸಹಿಯನ್ನೇನೂ ವಾಪಸು ತೆಗೆದುಕೊಂಡಿಲ್ಲ.
ನಾನೂ ಕೇಳಲಿಲ್ಲ. ಅರ್ಜಿ ಇದೆ, ಈ ಚೀಲದಲ್ಲೇ,
ಬೇಕೆಂದವರಿಗೆ ಕೊಡುತ್ತೇನೆ.

ಮುಂದಿನದು ಮೆಟ್ರೋ. ಹದಿನೆಂಟನೇ ಇಸವಿಯವರೆಗೆ
ಅಲ್ಲಿ ಫೋಟೋ ತೆಗೆಯುವಂತಿರಲಿಲ್ಲ, ಈಗ ತೆಗೆಯಬಹುದು.
ಅದಕ್ಕೆ ಮುಂಚೆ ಯಾರಿಗಾದರೂ ಕೋಸಂಬರಿ ಬೇಕೇ?
ಬುಟ್ಟಿ ಇಳಿಸುತ್ತಿದ್ದಾಳೆ, ನೋಡಿ,
ಗಗನಯಾತ್ರಿಯ ಮೂಗಿನ ಮುಂದೆಯೇ.
ಚಿಲ್ಲರೆ ಇಟ್ಟುಕೊಂಡಿರಿ.