ದುಭಾಷಿಯ ತುತ್ತು

ಬಾಣೇರ್ ರಸ್ತೆಯಲ್ಲಿ, ಸ್ಕೂಟರ್ ಶೋರೂಮಿನ ನೆತ್ತಿಯ ಮೇಲೆ
ಹನ್ನೊಂದು ಕುರ್ಚಿಯ ಅಂಗಡಿ. ಒಂದು ಕುಂಟುತ್ತದೆ;
ಅದು ನನ್ನದು.
ತಿಂಗಳ ಮೂರನೆಯ ಶುಕ್ರವಾರ
ಚಾಕಣದಿಂದ ಕುವಾಬಾರಾ ಸಾಹೇಬರ ಹಿಂದೆ ಬರುತ್ತೇನೆ,
ಇಡೀ ದಿನ ಬೇರಿಂಗುಗಳ ಗೀರು ಗಾಯಗಳನ್ನು
ಜಪಾನಿಯಿಂದ ಮರಾಠಿಗೆ, ಮರಾಠಿಯಿಂದ ಜಪಾನಿಗೆ
ಹೊತ್ತು ಹೊತ್ತು ಸವೆದ ನಾಲಿಗೆ ತಗೊಂಡು.
ಕನ್ನಡ? ಅದು ಅಕ್ಕಲಕೋಟೆಗೆ ಫೋನು ಹಚ್ಚಿದಾಗ.

"ಏನ್ ತಿಂತೀಯವ್ವ ಆ ಹಸಿ ಮೀನಿನ ಅಂಗಡ್ಯಾಗ?"
"ಸೌತಿಕಾಯಿ, ಅವ್ವ."
"ಸೌತಿಕಾಯಿಗೆ ನಾಕುನೂರು ರೂಪಾಯಿ?"
ಆಮೇಲೆ ಲೈನಿನಲ್ಲಿ ಬಹಳ ಹೊತ್ತು
ಬರೀ ನಾಕುನೂರು ರೂಪಾಯಿಯ ಸದ್ದು.

ಗಾಜಿನಾಚೆ ಪಾಸಂಗ್, ಕಾಲಿಂಪಾಂಗಿನವನು.
ಹಣೆಗೆ ಬಿಳಿ ಪಟ್ಟಿ ಕಟ್ಟಿ ನಿಂತರೆ ಸಾಕು,
ಕಾಲೇಜು ಹುಡುಗಿಯರು ಪಕ್ಕಕ್ಕೆ ಬಂದು
ಫೋಟೊ ತೆಗೆಸಿಕೊಳ್ಳುತ್ತಾರೆ: ಅಸಲಿ ಜಪಾನಿ, ಅಂತ.
ಅವನೂ ಬಾಗಿ ನಮಸ್ಕರಿಸುತ್ತಾನೆ, ಅಸಲಿಯ ಹಾಗೆಯೇ.
ಅಸಲಿಯವರು ಮೂಲೆಯಲ್ಲಿ ಕೂತು
ಕಡ್ಡಿಗಳ ತುದಿ ಸಮ ಮಾಡುತ್ತಿರುತ್ತಾರೆ.

ನೋಡಬೇಕು ಅವನ ಕೈ.
ನೀರಿಗೊಮ್ಮೆ ಅದ್ದಿ, ಚಪ್ಪಾಳೆಯೊಂದು ತಟ್ಟಿ,
ಮರದ ಬೋಗುಣಿಯಿಂದ ಒಂದು ಹಿಡಿ ಅನ್ನ;
ಎರಡು ಬೆರಳು ಒತ್ತಿ, ಹೊರಳಿಸಿ, ಮತ್ತೊಮ್ಮೆ ಒತ್ತಿ,
ಮೇಲೊಂದು ಕೆಂಪು ಮೀನಿನ ಹೊದಿಕೆ.
ಮೀನು ಬಿಟ್ಟರೆ ಇದು ನನಗೆ ಗೊತ್ತಿರುವುದೇ:
ಮಾಳಿಗೆಯ ಮೇಲೆ ಸುತ್ತ ಕೂತ ಆರು ಅಂಗೈ,
ನಡುವೆ ಅಜ್ಜಿ, ಮೊಸರನ್ನದ ಪಾತೇಲಿ,
ಕೈತುತ್ತಿಗೊಂದು ಉಪ್ಪಿನಕಾಯಿ ಚೂರು.
ತುತ್ತು ಎಣಿಸಿ ಬಿಲ್ಲು ಮಾಡುತ್ತಿರಲಿಲ್ಲ, ಅಷ್ಟೇ ಫರಕು.

ಈ ಶುಕ್ರವಾರ ಸಾಹೇಬರು ಮೊದಲ ತುತ್ತಿಗೇ ನಿಂತರು.
ದವಡೆ ಆಡಲಿಲ್ಲ. ನುಂಗಿದರು. ಚಹಾ ಕುಡಿದರು.
ನನ್ನ ಕಡೆ ತಿರುಗದೆಯೇ ಮೆಲ್ಲಗೆ ಅಂದರು:
ಅನ್ನ ಸತ್ತಿದೆ.

ನಮ್ಮಲ್ಲಿ ಅನ್ನ ಸಾಯುವುದಿಲ್ಲ.
ಹಳಸುತ್ತದೆ, ಸೀಯುತ್ತದೆ, ಮುದ್ದೆಯಾಗುತ್ತದೆ,
ಹದ ಕೂಡಿ ಬಂದ ದಿನ ಅರಳುತ್ತದೆ.
ಸಾಯಲು ಅದಕ್ಕೆ ಉಸಿರಿತ್ತೆಂದು
ನನಗೆ ಯಾರೂ ಹೇಳಿರಲಿಲ್ಲ.

"ಕಾಯ್ ಮ್ಹಣಾಲೆ?" ಪಾಸಂಗ್ ಕೇಳಿದ,
ಚಾಕು ಒರೆಸುತ್ತಾ, ಒರೆಸಿದ್ದನ್ನೇ ಒರೆಸುತ್ತಾ.
ಹನ್ನೆರಡು ವರ್ಷದಲ್ಲಿ ಒಂದು ಗೀರನ್ನೂ
ಅರ್ಧ ಗೀರೆಂದು ಅನುವಾದಿಸಿದವಳಲ್ಲ ನಾನು.
ಅಂದೆ: ತಾಯಿಯ ಕೈ ನೆನಪಾಯಿತಂತೆ.

ಹಣೆಯ ಪಟ್ಟಿ ಒಂದಂಗುಲ ಮೇಲೇರಿತು.
ಕೇಳದೆಯೇ ಮೊಟ್ಟೆಯ ಹಳದಿ ತುಂಡೆರಡು
ಸಾಹೇಬರ ತಟ್ಟೆಗೆ ಬಂದವು, ಪುಕ್ಕಟೆ.
ಅವರು ನನ್ನತ್ತ ಹುಬ್ಬೆತ್ತಿದರು: ಇದೇನು?
ಅನ್ನ ಬೆಳಿಗ್ಗೆ ಮಾಡಿದ್ದಂತೆ, ಕ್ಷಮಿಸಬೇಕಂತೆ,
ಎಂದೆ, ಈ ಸಲ ಜಪಾನಿಯಲ್ಲಿ.
ಒಂದು ಸುಳ್ಳಿಗೆ ಜೋಡಿ ಬೇಕಲ್ಲ,
ಕಡ್ಡಿಗಳ ಹಾಗೆ.

ಅವರು ಮೊಟ್ಟೆ ತಿಂದರು. ಬಾಯಿ ಒರೆಸಿಕೊಂಡರು.
ಎದ್ದು ನಿಂತು, ಪಾಸಂಗನ ಕಡೆ ಬಾಗಿ
"ಹೋ. ಆಯೀಚಾ ಹಾತ್," ಅಂದರು.
ಪುಣೆಯ ಪೇಟೆ ಮರಾಠಿ, ಒಂದು ಗೀರಿಲ್ಲದ್ದು.

ಹಾಗಾದರೆ ಇಷ್ಟು ವರ್ಷ ನನ್ನನ್ನು
ಯಾಕೆ ಇಟ್ಟುಕೊಂಡಿದ್ದಾರೆ ಇವರು?
ಕೇಳಲು ಮೂರು ಭಾಷೆ ಇದ್ದವು.
ಸೌತಿಕಾಯಿ ಸುರುಳಿಗೆ ಆ ಹಸಿರು ಖಾರ
ಸ್ವಲ್ಪ ಹೆಚ್ಚೇ ಹಚ್ಚಿಕೊಂಡೆ.
ನಾಲಿಗೆ ಬಿಟ್ಟು ನೇರ ಮೂಗಿಗೇರಿ
ಕಣ್ಣಲ್ಲಿ ನೀರು ತಂದಿತು. ಸದ್ಯ,
ಒಂದು ನೆಪ ಸಿಕ್ಕಿತು.

ಇಳಿದು ರಿಕ್ಷಾ ಹಿಡಿದಾಗ
ಕುರ್ತಾದ ತೋಳಿಗೆ ಒಂದಗುಳು ಅಂಟಿತ್ತು.
ಪಾತೇಲಿಯ ಅನ್ನ ಬೆಂದಿತೋ ನೋಡಲು
ಒಂದಗುಳು ಸಾಕು ಅನ್ನುತ್ತಿದ್ದಳು ಅಜ್ಜಿ.
ಯೂನಿವರ್ಸಿಟಿ ಸರ್ಕಲ್ಲಿನ ಕೆಂಪು ದೀಪದಲ್ಲಿ
ಎರಡು ಬೆರಳಿಂದ ಹಿಸುಕಿದೆ.
ಗಟ್ಟಿ. ತಣ್ಣಗೆ.
ಸಾಹೇಬರು ಹೇಳಿದ್ದು ಸರಿಯಾಗಿತ್ತು.
ಎಸೆಯಲು ಮನಸ್ಸಾಗದೆ
ಬಾಯಿಗೆ ಹಾಕಿಕೊಂಡೆ.