ವಾವ್, ಯಾ

ಫಹಾಹೀಲ್, ಮೀನು ಮಾರ್ಕೆಟ್ಟಿನ ಹಿಂದಿನ ಗಲ್ಲಿ.
ಟೈಪಿಂಗ್ ಸೆಂಟರಿನ ಎರಡನೆ ಮೇಜು ನನ್ನದು.
ಹೆಜಮಾಡಿಯ ವಾರಿಜಾ ಪೂಜಾರಿ, ನರ್ಸರಿಯ ಆಯಾ,
ಇಕಾಮಾ ಮುಗಿಯಲು ಒಂಬತ್ತು ದಿನ.
ಹೆಸರನ್ನು ಅರಬಿಯಲ್ಲಿ ಕುಟ್ಟಿದೆ. ಪ ಇಲ್ಲ ಅವರಲ್ಲಿ,
ಹಾಗಾಗಿ ಬೂಜಾರಿ.
ಅದಕ್ಕೆ ನಕ್ಕಳು. ಬೆರಳಿಟ್ಟದ್ದು ಬೇರೆ ಕಡೆ:
"ಈ ಗಾಳದ ಹಾಗಿರುವುದು
ಶುರುವಿನಲ್ಲಿ ವ ಅಂದ್ರಿ. ಇಲ್ಲಿ ನೋಡಿದರೆ ಊ.
ಎರಡು ಕೆಲಸ ಮಾಡ್ತದಾ?
ಸಂಬಳ ಒಂದೆಯಾ?"

ನಿಧಾನಕ್ಕೆ ಉ ಅನ್ನಿ ಅಂದೆ, ಆಮೇಲೆ ಅ.
ಈಗ ಬೇಗ ಬೇಗ.
ಉ ಅ, ಉಅ, ವ.
ತುಟಿ ದುಂಡಗಾಗಿ ನಿಂತರೆ ಸ್ವರ,
ನಿಲ್ಲದೆ ಜಾರಿದರೆ ಇದು.
ಇ ಅ, ಇಅ, ಯ.
ನಾಲಿಗೆ ಮೇಲೇರಿ ಅಂಗುಳಕ್ಕೆ ಇನ್ನೇನು ತಾಗಬೇಕು,
ತಾಗುವುದಿಲ್ಲ.
ಕ, ತ, ಪ ಬಾಗಿಲು ಬಡಿಯುವವು,
ಇವು ಓರೆ ಮಾಡಿದ ಬಾಗಿಲಲ್ಲೇ ಹಾಯುವವು.

ನೀವು ಈಗ ಕೇಳಿದಿರಲ್ಲ, ಒಂದೆಯಾ ಅಂತ:
ಒಂದೆ, ಆ. ನಡುವೆ ಯ ಯಾರು ಕರೆದದ್ದು?
ಎರಡು ಸ್ವರ ಒಂದೇ ಬೆಂಚಿನಲ್ಲಿ ಕೂರಲೊಲ್ಲವು,
ಇದು ಬಂದು ನಡುವೆ ಕೂತಿತು.
ಸ್ಪಾನ್ಸರ್ ಇಲ್ಲ.

ಹೈಸ್ಕೂಲಿನ ಪಂಡಿತರು ಹೇಳಿದ್ದರು,
ಲೋಪ, ಆಗಮ, ಆದೇಶ.
ವ್ಯಾಕರಣ ಎಂದುಕೊಂಡಿದ್ದೆ.
ಹದಿನಾಲ್ಕು ವರ್ಷದಿಂದ
ಆ ಮೂರೇ ಫಾರಮು ತುಂಬುತ್ತಿದ್ದೇನೆ.

ಪಕ್ಕದ ಮೇಜಿನ ನಿಝಾರ್ ಮಾಸ್ತರರು, ಅಲೆಪ್ಪೊದವರು,
ಕನ್ನಡ ಬಾರದಿದ್ದರೂ ಬೆರಳು ನೋಡಿ ತಿಳಿದರು.
ಅಲಿಫ್, ವಾವ್, ಯಾ,
ಹುರೂಫುಲ್ ಇಲ್ಲ ಎಂದರು.
ಯಕೂಲು, ಹೇಳುತ್ತಾನೆ: ವಾವ್ ಇದೆ.
ಕುಲ್, ಹೇಳು: ಅಪ್ಪಣೆಯಾದದ್ದೇ ತಡ, ವಾವ್ ಮಾಯ.

"ಇಲ್ಲ ಅಂದರೆ ನಮ್ಮ ಇಲ್ಲವಾ?"
ಅಲ್ಲ, ಅವರಲ್ಲಿ ಕಾಯಿಲೆ.
ಕಾಯಿಲೆಯ ಅಕ್ಷರಗಳು.
ವಾರಿಜಾ ಸುಮ್ಮನಾದಳು.
ಮಡಿಲಲ್ಲಿ ಮೆಡಿಕಲ್ ರಿಪೋರ್ಟು,
ಲಕೋಟೆಯ ಅಂಟು ಇನ್ನೂ ಬಿಚ್ಚಿರಲಿಲ್ಲ.

ಎದ್ದವಳು ಫಾರಮಿನ ತಲೆಬರಹಕ್ಕೆ ಬಗ್ಗಿದಳು.
"ಇಲ್ಲೂ ಗಾಳ ಉಂಟಲ್ಲ."
ಅದು ಕುವೈತ್.
ಆ ತುದಿಗೆ ಕಾಫ್, ಈ ತುದಿಗೆ ತಾ,
ನಡುವಿನವೆರಡೂ ಕಾಯಿಲೆಯವು.
"ಅವನ್ನು ತೆಗೆದರೆ?"
ಹೇಳಿ ನೋಡಿದೆ. ಕ್ತ್.
ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕ ಹಾಗೆ.

ಒಂದೂವರೆ ದಿನಾರು ಕೊಟ್ಟಳು,
ಅರ್ಧ ಹಿಂದಕ್ಕೆ ಕೊಟ್ಟೆ.
ಬರ್ತೇನೆ, ಅಂದಳು
ಹೋಗುವಾಗ.