ಗೋಡೆಯ ಉಪ್ಪು

ಟಿಕೆಟ್ಟಿಗೆ ಇಪ್ಪತ್ತು ಸಾವಿರ ಡಾಂಗ್.
'ಇಷ್ಟಕ್ಕೆ ನಾಲ್ಕು ಕಿಲೋ ಉಪ್ಪು ಬರುತ್ತಲ್ಲೋ' ಅಂದಳು ಅಜ್ಜಿ.
ನಾನಿಲ್ಲಿ ಗೈಡು, ನಿನಗೆ ಬಿಟ್ಟಿ, ಬಾ ಅಂದೆ.
'ಈ ಮನೆಗೆ ಬಿಟ್ಟಿ ಬಂದದ್ದು ಸಾಕು'
ಎಂದು ಸೊಂಟದ ಪಟ್ಟಿಯ ಗಂಟು ಬಿಚ್ಚಿ,
ಮಡಿಚಿ ಮಡಿಚಿ ಉಗುರಷ್ಟಾದ ನೋಟು ತೆಗೆದು
ಕೊಟ್ಟೇ ಬಂದಳು ಥಾವ್ ಥಿ ಸೂವಾ.
ಎಂಬತ್ತೇಳು ವರ್ಷ. ನೀಲಿ ಕುಡಿದ ಬೆರಳು.

ಭಾನುವಾರ. ಕೆಳಗೆ ಸಂತೆಯಲ್ಲಿ
ಕುದುರೆ ಮಾಂಸದ ಕಡಾಯಿ ಕುದಿಯುತ್ತಿದೆ,
ಮುಸುಕಿನ ಜೋಳದ ಹೆಂಡದ ಘಾಟು
ಮೆಟ್ಟಿಲು ಹತ್ತಿ ಅಂಗಳಕ್ಕೆ ಬಂದಿದೆ.
ಹನೋಯಿಯಿಂದ ಬಂದ ಹದಿನಾಲ್ಕು ಮಂದಿ
ಬಾಡಿಗೆಗೆ ಸಿಗುವ ನಮ್ಮ ನೆರಿಗೆ ಲಂಗ ತೊಟ್ಟು
ಫೋಟೋಕ್ಕೆ ನಿಂತಿದ್ದಾರೆ.
ಅಜ್ಜಿ ಒಂದು ಅಂಚು ಹಿಡಿದು ನೋಡಿ
'ಮಿಷನ್ನಿನ ಹೊಲಿಗೆ' ಅಂದಳು, ಅಷ್ಟೇ.

ನಾನು ಬಾಯಿಪಾಠ ಶುರು ಮಾಡಿದೆ:
ಮೂವತ್ತಾರು ಕೋಣೆ. ಫರಂಗಿ ಕಮಾನು, ಚೀನೀ ಹೆಂಚು.
ಜೋಯಿಸ ಏಳು ದಿನ ಸುತ್ತಿ ಆರಿಸಿದ ಜಾಗ,
ಬೆನ್ನಿಗೆ ಗುಡ್ಡ, ಕಣ್ಣಿಗೆ ಹೊಳೆ.
ಗಾರೆಗೆ ಬೆಲ್ಲದ ಪಾಕ.
ಕಂಬದ ಬುಡಕ್ಕೆ ನೋಡಿ, ಅಫೀಮಿನ ಕಾಯಿ,
ಬೆಳ್ಳಿ ನಾಣ್ಯದಿಂದ ತಿಕ್ಕಿ ತಿಕ್ಕಿ
ಕಲ್ಲಿಗೆ ಈ ಹೊಳಪು ತರಿಸಿದ್ದು.
'ಯಾರು ತಿಕ್ಕಿದ್ದು?' ಹಿಂದಿನಿಂದ ಅಜ್ಜಿ.
ಅದು ನನ್ನ ಪಾಠದಲ್ಲಿಲ್ಲ.

ದೊರೆಯ ದೊಡ್ಡ ಹೆಂಡತಿಯ ಕೋಣೆ ಇದು,
ಅದು ನಡುವಿನವಳದು,
ಮೂಲೆಯದು ಕಿರಿಯಳದು, ಅದಕ್ಕೆ ಒಂದೇ ಕಿಟಕಿ,
ಅದರಿಂದ ಕಾಣುವುದು ದೊಡ್ಡವಳ ಬಾಗಿಲು.
ಗುಂಪು ನಕ್ಕಿತು. ಇಲ್ಲಿ ಎಲ್ಲರೂ ನಗುತ್ತಾರೆ,
ನಗಲೆಂದೇ ನಾನು ಇಷ್ಟು ಹೊತ್ತು ನಿಲ್ಲುತ್ತೇನೆ.

'ಇದು ನನಗೆ ಗೊತ್ತಿಲ್ಲದ ಮನೆ' ಅಂದಳು ಅಜ್ಜಿ,
'ಹಿಂಬಾಗಿಲಿಗೆ ಕರಕೊಂಡು ಹೋಗು.'

ಹತ್ತು ತುಂಬಿರಲಿಲ್ಲವಂತೆ. ಅಪ್ಪನ ಹಿಂದೆ
ಎರಡು ಹಗಲು ಬೆಟ್ಟ ಇಳಿದು,
ಬುಟ್ಟಿಯ ತಳದಲ್ಲಿ ಎಲೆ ಸುತ್ತಿದ ಕಪ್ಪು ಉಂಡೆ.
ಕಾಲು ಪಾಲು ದೊರೆಗೆ, ಕಾಲು ಫರಂಗಿಗೆ,
ಮಿಕ್ಕದ್ದಕ್ಕೆ ಉಪ್ಪು.
ಅಫೀಮು ತೂಗುವಾಗ
ತಟ್ಟೆಯ ಕೆಳಗಿರುತ್ತಿದ್ದ ಹೆಬ್ಬೆರಳು
ಉಪ್ಪು ತೂಗುವಾಗ
ಮೇಲೆ ಬಂದು ಕೂರುತ್ತಿತ್ತು.
ಆ ಬೆರಳ ಉಗುರು ಸೀಳಿತ್ತು, ಅದೂ ಅವಳಿಗೆ ನೆನಪಿದೆ.

ಉಪ್ಪಿನ ಕೋಣೆಯಲ್ಲಿ ಈಗ ಪೊರಕೆ, ಬಕೆಟ್ಟು,
ಸುಟ್ಟ ಬಲ್ಬು, ಹಬ್ಬದ ಬಾವುಟಗಳ ಕಟ್ಟು.
ವರ್ಷಕ್ಕೆರಡು ಸಲ ಹಳದಿ ಬಳಿದರೂ ಈ ಒಂದು ಗೋಡೆ
ಹಿಡಿಯುವುದಿಲ್ಲ; ಇಲಾಖೆಯವರು ತೇವ ಎಂದು ಬರೆದುಕೊಂಡು ಹೋಗುತ್ತಾರೆ.
ಬಿಳಿ ಹುಡಿ, ಬೆವರು ಒಣಗಿದ ಅಂಗಿಯ ಬೆನ್ನಿನ ಹಾಗೆ.
ಅಜ್ಜಿ ಬೆರಳಿಟ್ಟಳು. ಬೆರಳು ನಾಲಿಗೆಗಿಟ್ಟಳು.
ಕಣ್ಣು ಮುಚ್ಚಿ
'ಇದೇ' ಅಂದಳು.

'ಅಪ್ಪ ಒಳಗೆ ಗೋಗರೆಯುವಾಗ
ನಾನು ಹೊರಗೆ ಇದೇ ಗೋಡೆ ನೆಕ್ಕುತ್ತಿದ್ದೆ.
ಪಕ್ಕದಲ್ಲಿ ದೊರೆಯ ಹೇಸರಗತ್ತೆಯೂ ನೆಕ್ಕುತ್ತಿತ್ತು.
ಅದನ್ನ ಯಾರೂ ಹೊಡೀಲಿಲ್ಲ.'

ನನ್ನ ಪಾಠದ ಕೊನೆಗೆ ಒಂದು ಸಾಲಿದೆ:
ದೊರೆಯ ಉಪ್ಪಿನ ಋಣವನ್ನು
ಬೆಟ್ಟದ ಜನ ಇಂದಿಗೂ ನೆನೆಯುತ್ತಾರೆ.
ಆರು ವರ್ಷ, ದಿನಕ್ಕೆ ನಾಲ್ಕು ಸಲ,
ತಡವರಿಸದೆ ಹೇಳಿದ್ದೇನೆ.

ಹೊರಗೆ ಹದಿನಾಲ್ಕು ಮಂದಿ ಕಾಯುತ್ತಿದ್ದರು,
ಒಬ್ಬ ಶೌಚಾಲಯ ಎಲ್ಲಿ ಎಂದು ಕೇಳಿದ. ತೋರಿಸಿದೆ.
ಅಲ್ಲಿಗೆ ಮುಗಿಯಿತು ಅಂದೆ. ಚಪ್ಪಾಳೆ ತಟ್ಟಿದರು.

ಅಜ್ಜಿ ಆಗಲೇ ಕೈಚೂರಿ ತೆಗೆದು
ಗೋಡೆ ಹೆರೆಯುತ್ತಿದ್ದಳು, ಸಣ್ಣಗೆ, ಸದ್ದಿಲ್ಲದೆ,
ಟಿಕೆಟ್ಟಿನ ಮೇಲೆ ಬೀಳುವ ಹಾಗೆ.
'ಅಜ್ಜೀ, ಮುಟ್ಟಬಾರದು, ಕಾನೂನಿದೆ.'
ಪೊಟ್ಟಣ ಕಟ್ಟಿ ಸೊಂಟಕ್ಕೆ ಸಿಕ್ಕಿಸಿ ಅಂದಳು:
'ದುಡ್ಡು ಕೊಟ್ಟಿದ್ದೀನಿ ಕಣೋ.
ತೂಕ ಈ ಸಲ ನಂದು.'